ಖಮ್‌ಪೆಂಗ್ ತಾನಾಗಿ ಬಂದವಳಲ್ಲ

ಕರಡಿನ ಹದಿನಾಲ್ಕನೆಯ ಪುಟದಲ್ಲಿ ಆ ವಾಕ್ಯವಿತ್ತು: 'ಖಮ್‌ಪೆಂಗ್ ಎಂಬ ವಿಧವೆ ದೇವರ ವಾಕ್ಯಕ್ಕೆ ಮನಸೋತು, ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ತಾನಾಗಿಯೇ ಬಂದು ಸಭೆಯನ್ನು ಸೇರಿದಳು.' ಪಿಕುನ್ ಪೆನ್ಸಿಲ್ ತೆಗೆದು 'ತಾನಾಗಿಯೇ ಬಂದು' ಎಂಬುದರ ಮೇಲೆ ಗೆರೆ ಎಳೆದಳು. ಗೆರೆ ನೆಟ್ಟಗಿತ್ತು. ಚಿಯಾಂಗ್ ಮಾಯ್‌ನ ಭೂದಾಖಲೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳಿಗೆ ಅಷ್ಟಕ್ಕೆಲ್ಲ ಸ್ಕೇಲು ಬೇಕಿರಲಿಲ್ಲ.

ತಾ ಮಖಾಮ್ ಚರ್ಚಿಗೆ ಆ ಡಿಸೆಂಬರಿಗೆ ನೂರಮೂವತ್ತು ವರ್ಷ ತುಂಬುತ್ತಿತ್ತು. ಸ್ಮರಣ ಪುಸ್ತಕ ತರಲು ಐದು ಜನರ ಸಮಿತಿ ಆಗಿತ್ತು. ಅಧ್ಯಕ್ಷೆ ಚನ್‌ಫೆಂಗ್, ಎಪ್ಪತ್ತೊಂದು ವರ್ಷದ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೊದಲ ಅಧ್ಯಾಯ ಬರೆದವಳೂ ಅವಳೇ. ಪಿಕುನ್‌ಗಿಂತ ಎರಡು ವರ್ಷಕ್ಕೆ ದೊಡ್ಡವಳು. ಇಬ್ಬರೂ ಹುಡುಗಿಯರಾಗಿದ್ದಾಗಿನಿಂದ ಚರ್ಚಿನ ಗಾಯನ ತಂಡದಲ್ಲಿ ಒಂದೇ ಸಾಲಿನಲ್ಲಿ ನಿಂತವರು.

"ಏನೇ ಪಿಕುನ್, ನನ್ನ ವಾಕ್ಯಕ್ಕೆ ಬೇಲಿ ಹಾಕ್ತಿದ್ದೀಯಾ?" ಎಂದಳು ಚನ್‌ಫೆಂಗ್.

"ಬೇಲಿ ಅಲ್ಲ ಅಕ್ಕ, ಒತ್ತುವರಿ ತೆರವು ಮಾಡ್ತಿದ್ದೀನಿ. ಖಮ್‌ಪೆಂಗ್ ತಾನಾಗಿ ಬಂದವಳಲ್ಲ. ಅಟ್ಟಿದ್ರು. ಫೀ ಕಾ ಅಂತ ಹೆಸರಿಟ್ಟು, ಮನೆ ಕಿತ್ತು, ಹೊಳೆ ದಾಟಿಸಿದ್ರು. ಹಾಗಂತಾನೇ ಬರೀಬೇಕು."

ಫೀ ಕಾ ಎಂಬ ಮಾತನ್ನು ಆ ಚರ್ಚಿನ ಗೋಡೆಗಳ ಒಳಗೆ ಯಾರೂ ಗಟ್ಟಿಯಾಗಿ ಆಡಿದ್ದಿಲ್ಲ. ಹೆಣ್ಣಿನ ಮೈಯಲ್ಲಿ ನೆಲೆಸಿ, ತಾಯಿಯಿಂದ ಮಗಳಿಗೆ ಇಳಿದು, ಅಕ್ಕಪಕ್ಕದವರ ಕರುಳು ತಿನ್ನುವ ಹಸಿದ ದೆವ್ವ ಅದು. ಊರಲ್ಲಿ ಯಾರಾದರೂ ಜ್ವರದಿಂದ ಬಡಬಡಿಸಿದರೆ ಮಂತ್ರವಾದಿ ಬಂದು, ನೀನು ಯಾರ ಮನೆಯದು ಎಂದು ಒಳಗಿರುವುದನ್ನು ಕೇಳುತ್ತಿದ್ದ. ರೋಗಿಯ ಬಾಯಿಂದ ಯಾರ ಹೆಸರು ಬಂತೋ ಆ ಮನೆಯವರಿಗೆ ಊರಲ್ಲಿ ಮತ್ತೆ ನೀರು ಹುಟ್ಟುತ್ತಿರಲಿಲ್ಲ. ಹಾಗೆ ಹೊರಬಿದ್ದವರನ್ನು ಅಮೆರಿಕದಿಂದ ಬಂದ ಪಾದ್ರಿಗಳು ತಮ್ಮ ಆವರಣದೊಳಕ್ಕೆ ಕರೆದುಕೊಂಡರು. ಜನ ಆ ಪಾದ್ರಿಗಳನ್ನು ಪೊ ಕ್ರು ಎನ್ನುತ್ತಿದ್ದರು, ತಂದೆಯೂ ಗುರುವೂ ಎಂಬ ಅರ್ಥದಲ್ಲಿ. ಪೊ ಕ್ರುಗಳಿಗೆ ದೆವ್ವದ ಭಯವಿರಲಿಲ್ಲ. ನೆಲೆ ಕಳೆದುಕೊಂಡವರಿಗೆ ಅಷ್ಟು ಸಾಕಿತ್ತು.

ಆಚಾನ್, ಅಂದರೆ ಗುರು, ಎಂದು ಎಲ್ಲರೂ ಕರೆಯುವ ಪಾಸ್ಟರ್ ವಿತೂನ್ ಕೆಮ್ಮಿದ. ನಲವತ್ತು ದಾಟಿದ, ಯಾರನ್ನೂ ನೋಯಿಸದ ಮನುಷ್ಯ.

"ದೊಡ್ಡಮ್ಮ, 'ಕಷ್ಟಕಾಲದಲ್ಲಿ ಸಭೆಯ ಆಶ್ರಯ ಪಡೆದಳು' ಅಂತ ಬರೆದ್ರೆ ಹೇಗೆ? ಸುಳ್ಳೂ ಆಗಲ್ಲ."

"ಆಚಾನ್, 'ಎಲ್ಲೋ ಒಂದು ಕಡೆ ಸ್ವಲ್ಪ ಜಮೀನು' ಅಂತ ನಾನು ಯಾವತ್ತೂ ಪತ್ರ ಮಾಡಿಕೊಟ್ಟಿಲ್ಲ."

ಸಮಿತಿಯ ಉಳಿದಿಬ್ಬರು ಹಿರಿಯರು ನಕ್ಕರು. ವಿತೂನನೂ ನಕ್ಕ. ನಕ್ಕು ಮುಗಿಸಿ ಮೆಲ್ಲಗೆ ಕೇಳಿದ: "ಸರಿ. ಪತ್ರದ ಮಾತು ಬಂತಲ್ಲ, ಇದಕ್ಕೆ ದಾಖಲೆ ಎಲ್ಲಿದೆ?"

ಪಿಕುನ್ ಪೆನ್ಸಿಲ್ ಕೆಳಗಿಟ್ಟಳು. ಖಮ್‌ಪೆಂಗ್ ಅವಳ ಮುತ್ತಜ್ಜಿ. ಅವಳಿಗೆ ಗೊತ್ತಿದ್ದುದೆಲ್ಲ ತಾಯಿ ಒಮ್ಮೆ, ಒಂದೇ ಒಂದು ಸಲ, ಬೆನ್ನು ತೊಳೆಸಿಕೊಳ್ಳುತ್ತ ಹೇಳಿದ್ದು. 'ನಮ್ಮನ್ನ ಹಾಗಂತ ಅಟ್ಟಿದ್ರು. ಯಾರ ಹತ್ರಾನೂ ಹೇಳ್ಬೇಡ.' ಮೂವತ್ತೊಂದು ವರ್ಷ ಅವಳೇ ಜನರಿಗೆ ಹೇಳಿ ಕಳಿಸಿದ್ದಳು, ಅಮ್ಮ ಹೇಳಿದ್ದು ಅಜ್ಜಿ ಹೇಳಿದ್ದು ಇಲ್ಲಿ ನಡೆಯಲ್ಲ, ಕಾಗದ ತನ್ನಿ ಎಂದು.

"ಮುಂದಿನ ಶನಿವಾರದೊಳಗೆ ತರ್ತೀನಿ," ಎಂದಳು.

"ಅದಾದ ಸೋಮವಾರ ಪುಟ ಅಚ್ಚಿಗೆ ಹೋಗುತ್ತೆ," ಎಂದಳು ಚನ್‌ಫೆಂಗ್. "ಕಾಗದ ಸಿಗದಿದ್ರೆ ನನ್ನ ವಾಕ್ಯ ಇದ್ದ ಹಾಗೇ ಇರುತ್ತೆ."

ಹೊರಗೆ ಬಂದ ಮೇಲೆ ಚನ್‌ಫೆಂಗ್ ಅವಳ ಮೊಣಕೈ ಹಿಡಿದು ಗೇಟಿನವರೆಗೆ ನಡೆದಳು.

"ನಿನ್ನ ಹಟ ನನಗೆ ಹೊಸದಲ್ಲ ಬಿಡು. ಹಾಡುವಾಗ ಶ್ರುತಿ ತಪ್ಪಿದ್ರೂ ನಾನೇ ಸರಿ ಅಂತಿದ್ದೋಳು."

"ತಪ್ತಿದ್ದಿದ್ದು ನೀನು."

"ಆಯ್ತು, ನಾನೇ. ಈಗ ಕೇಳು. ಫೆಬ್ರವರಿಗೆ ಲಮೈ ಮದುವೆ. ನನ್ನ ಸೊಸೆ ತೌರಿನೋರು ಲಂಫೂನ್‌ನವರು, ಅವರ ಬಾಯಿ ನಿನಗೆ ಗೊತ್ತು. ಈಗಾಗ್ಲೇ ಎರಡು ಸಲ ಕೇಳಿದ್ದಾರೆ, ಹುಡುಗಿ ತಾಯಿ ಕಡೆಯವರು ಯಾವ ಊರು ಅಂತ."

"ನೀನೇನಂದೆ?"

"ತಾ ಮಖಾಮ್ ಅಂದೆ. ಸುಳ್ಳಾ? ನೂರಮೂವತ್ತು ವರ್ಷದಿಂದ ಇಲ್ಲೇ ಇದ್ದೀರಲ್ಲ."

ತಾಯಿ ಕಡೆಯವರು ಯಾವ ಊರು ಎಂಬುದು ಊರಿನ ಪ್ರಶ್ನೆಯಲ್ಲ. ಲಂಫೂನ್‌ನವರೂ ಮೂರು ತಲೆಮಾರಿನ ಕ್ರೈಸ್ತರು, ದೆವ್ವವನ್ನು ನಂಬುವುದಿಲ್ಲ. ಆದರೂ ಮಗನಿಗೋ ಮೊಮ್ಮಗನಿಗೋ ಹೆಣ್ಣು ನೋಡುವಾಗ ಆ ಪ್ರಶ್ನೆ ಕೇಳುತ್ತಾರೆ, ಉತ್ತರವನ್ನು ಒಳಗೊಳಗೇ ತೂಗುತ್ತಾರೆ. ಲಮೈ ಪಿಕುನ್‌ಳ ಮಗಳ ಮಗಳು. ಮದುವೆಯಾಗಬೇಕಿದ್ದ ರಂಗ್‌ಸನ್ ಚನ್‌ಫೆಂಗ್‌ಳ ಮೊಮ್ಮಗ. ಖಮ್‌ಪೆಂಗ್‌ಳಿಂದ ಲಮೈಯವರೆಗೆ ನಡುವೆ ಒಬ್ಬ ಗಂಡಸೂ ಬಾರದ ನೇರ ಹೆಣ್ಣು ಸಾಲು. ತೂಗುವವರಿಗೆ ಇದಕ್ಕಿಂತ ಕೆಟ್ಟ ಲೆಕ್ಕ ಇನ್ನೊಂದಿಲ್ಲ.

"ಒಂದು ಪದದ ಹಿಂದೆ ಬಿದ್ದು ಹುಡುಗಿ ಬಾಳು ಹಾಳು ಮಾಡ್ಬೇಡ," ಎಂದು ಚನ್‌ಫೆಂಗ್ ಬಾಡಿಗೆಯ ಕೆಂಪು ಗಾಡಿಗೆ ಕೈ ಅಡ್ಡ ಹಿಡಿದಳು.

ಲಮೈಗೆ ಇಪ್ಪತ್ತೇಳು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ತಾಯಿ ತೀರಿಕೊಂಡ ಮೇಲೆ ಅಜ್ಜಿಯ ಜೊತೆಗೇ ಬೆಳೆದವಳು. ಪಿಕುನ್ ಏನನ್ನೂ ಮುಚ್ಚಿಡದೆ ಹೇಳಿದಳು. ಲಮೈ ಅಂಟನ್ನದ ಬುಟ್ಟಿಗೆ ಹಾಕಿದ ಕೈ ತೆಗೆಯದೆ ಕೇಳಿದಳು.

"ಅಂದ್ರೆ ನಾನು ಫೀ ಕಾನಾ?"

"ಯಾರೂ ಅಲ್ಲ. ಯಾವತ್ತೂ ಯಾರೂ ಆಗಿರಲಿಲ್ಲ."

"ಹಾಗಾದ್ರೆ ಫೆಬ್ರವರಿ ಕಳೀಲಿ ಅಜ್ಜಿ. ಆಮೇಲೆ ಬರಿ. ಓಡಿಹೋಗುತ್ತಾ ಅದು?"

"ಪುಸ್ತಕ ಡಿಸೆಂಬರಿಗೆ."

"ಮುಂದಿನ ಪುಸ್ತಕಕ್ಕೆ ಹಾಕು."

"ಅದು ನೂರೈವತ್ತಕ್ಕೆ ಬರೋದು. ಆಗ ನನಗೆ ಎಂಬತ್ತೊಂಬತ್ತು. ನಿನಗೊಬ್ಬಳು ಮಗಳಿದ್ರೆ ಅವಳಿಗೂ ಯಾರೋ ಹೇಳ್ತಿರ್ತಾರೆ, ಮದುವೆ ಕಳೀಲಿ, ಆಮೇಲೆ ಬರಿ ಅಂತ. ನಮ್ಮಮ್ಮ ಕೂಡ ನನ್ನ ಮದುವೆ ಕಳೀಲಿ ಅಂತಾನೇ ಕಾದಿದ್ದು."

"ನಿನಗೆ ಅದೊಂದು ಸಾಲು. ನನಗೆ ಜೀವನ," ಎಂದು ಲಮೈ ಕೈ ತೊಳೆದು ಡ್ಯೂಟಿಗೆ ಹೊರಟಳು. ಊಟ ಅರ್ಧಕ್ಕೆ ನಿಂತಿತ್ತು. ಪಿಕುನ್ ಬುಟ್ಟಿಯ ಮುಚ್ಚಳ ಹಾಕಿದಳು. ಹುಡುಗಿಯ ಮಾತಿನಲ್ಲಿ ತಪ್ಪಿಲ್ಲವೆಂದು ಅವಳಿಗೂ ಅನ್ನಿಸಿತು. ಅನ್ನಿಸಿದರೂ ಸೋಮವಾರ ಬೆಳಿಗ್ಗೆ ಎಂಟಕ್ಕೆ ಚರ್ಚಿನ ಕಚೇರಿಯ ಬಾಗಿಲಲ್ಲಿದ್ದಳು.

ಕಬ್ಬಿಣದ ಕಪಾಟಿನಲ್ಲಿ ಒಂಬತ್ತು ಹಳೆಯ ಪುಸ್ತಕಗಳಿದ್ದವು. ಮೊದಲ ಎರಡನ್ನು ಗೆದ್ದಲು ತಿಂದಿತ್ತು. ಉಳಿದವೆಲ್ಲ ಹಿರಿಯರ ಸಭೆಯ ನಡಾವಳಿ. ಇಸವಿ 1891ರಿಂದ ಮೊದಲಾಗಿದ್ದವು. ಬರಹ ಉತ್ತರದ ಹಳೆಯ ಗುಂಡು ಲಿಪಿಯಲ್ಲಿತ್ತು. ಬ್ಯಾಂಕಾಕಿನ ಅಕ್ಷರ ಶಾಲೆಗಳಿಗೆ ಬಂದ ಮೇಲೆ ಆ ಲಿಪಿಯನ್ನು ಓದುವವರು ಕಡಿಮೆಯಾದರು. ತಾ ಮಖಾಮ್‌ನಲ್ಲಿ ಈಗ ಪಿಕುನ್ ಒಬ್ಬಳೇ. ಅಪ್ಪ ಕಲಿಸಿದ್ದ. ಹಳೆಯ ಗದ್ದೆಗಳ ಗಡಿ ಬರೆದ ಮಡಿಕೆ ಕಾಗದಗಳನ್ನು ಓದಲು ಕಚೇರಿಯಲ್ಲೂ ಅವಳನ್ನೇ ಕರೆಯುತ್ತಿದ್ದರು.

ಸೋಮವಾರ, ಮಂಗಳವಾರ ಏನೂ ಸಿಗಲಿಲ್ಲ. ಯಾರದೋ ಎಮ್ಮೆ ಯಾರದೋ ಸಸಿಮಡಿ ಮೇಯ್ದದ್ದು, ಕುಡಿದು ಆರಾಧನೆಗೆ ಬಂದವನಿಗೆ ಮೂರು ತಿಂಗಳು ಪ್ರಭುಭೋಜನ ನಿಲ್ಲಿಸಿದ್ದು, ಮತಾಂತರವಾದ ಮೇಲೂ ಅಜ್ಜಿಯ ದೈವಕ್ಕೆ ಕೋಳಿ ಕೊಟ್ಟ ಹೆಂಗಸಿಗೆ ಬುದ್ಧಿ ಹೇಳಿದ್ದು. ಖಮ್‌ಪೆಂಗ್‌ಳ ಹೆಸರು ಎರಡು ಕಡೆ ಇತ್ತು, ಎರಡರಲ್ಲೂ ಬರೀ ಹೆಸರು. ಅವಳು ಬಂದು ಸೇರಿದ ಕಾಲದ ಪುಟಗಳು ಗೆದ್ದಲಿನ ಪಾಲಾಗಿದ್ದವು. ಇನ್ನು ಸಿಗುವುದಿಲ್ಲವೆಂದು ಬೇರೆಯವರು ಎದ್ದುಹೋಗುತ್ತಿದ್ದರು. ಕಳೆದ ಪತ್ರಕ್ಕೆ ನೆರೆ ಜಮೀನಿನ ಪತ್ರದಲ್ಲಿ ಸುಳಿವಿರುತ್ತದೆ ಎಂಬುದು ಪಿಕುನ್ ಕಚೇರಿಯಲ್ಲಿ ಕಲಿತ ಪಾಠ. ಅವಳು ಮುಂದಿನ ವರ್ಷಗಳ ಪುಸ್ತಕಗಳನ್ನೂ ಸಾಲುಸಾಲಾಗಿ ಓದಿದಳು.

ಬುಧವಾರ ಹತ್ತೂವರೆಗೆ, 1903ರ ಪುಸ್ತಕದಲ್ಲಿ ಅದು ಸಿಕ್ಕಿತು.

'ಬುವಾತಿಪ್, ವಯಸ್ಸು ಇಪ್ಪತ್ತನಾಲ್ಕು, ಸನ್ ಪೊಂಗ್ ಊರಿನ ಹಿಂದಿನ ಮುಖ್ಯಸ್ಥನ ಮಗಳು, ದೀಕ್ಷಾಸ್ನಾನ ಬೇಡಿ ಬಂದು, ಎದ್ದು ನಿಂತು ಹೇಳಿದ್ದು: ನನಗೆ ಏಳು ವರ್ಷವಿದ್ದಾಗ ಜ್ವರ ಬಂದಿತು. ಮಂತ್ರವಾದಿ ಹುಲಿಯ ಕೋರೆಹಲ್ಲನ್ನು ಕಾಲ್ಬೆರಳ ಸಂದಿಗೆ ಒತ್ತಿ, ಒಳಗೆ ಬಂದವಳು ಯಾರು, ಹೆಸರು ಹೇಳು ಎಂದನು. ನಾನು ಖಮ್‌ಪೆಂಗ್ ಎಂದೆನು. ಅವಳು ನಮ್ಮ ನೆರೆಯವಳು. ನನ್ನ ತಾಯಿ ಸತ್ತ ಮೇಲೆ ನನಗೆ ಅನ್ನದ ಉಂಡೆ ಕಟ್ಟಿ ತಿನ್ನಿಸುತ್ತಿದ್ದವಳು ಅವಳು. ನೋವಾದಾಗ ನಾನು ಅವಳನ್ನು ಕರೆದೆನು. ನನ್ನೊಳಗೆ ಯಾವುದೂ ಮಾತಾಡಲಿಲ್ಲ. ಮಾತಾಡಿದವಳು ನಾನು. ಆ ಮಾತಿನಿಂದ ಅವಳಿಗೆ ಫೀ ಕಾ ಎಂಬ ಹೆಸರಾಯಿತು. ಮೂರನೆಯ ದಿನ ಅವಳ ಮನೆಯನ್ನು ಕಿತ್ತರು. ಮೊದಲ ಕಂಬ ಎಳೆದವನು ನನ್ನ ತಂದೆ. ಇದನ್ನು ಪುಸ್ತಕದಲ್ಲಿ ಬರೆಯಬೇಕು, ಸಭೆಯ ಮುಂದೆ ಓದಬೇಕು ಎಂದು ಬೇಡುತ್ತೇನೆ.'

ಅದರ ಕೆಳಗೆ ಬೇರೆ ಮಸಿಯಲ್ಲಿ, ಬೇರೆ ಕೈಯಲ್ಲಿ ಒಂದು ಸಾಲು: 'ಸಭೆಯ ಶಾಂತಿಗಾಗಿ ಓದತಕ್ಕದ್ದಲ್ಲ ಎಂದು ಏಳು ಮಂದಿ ಹಿರಿಯರು ತೀರ್ಮಾನಿಸಿದರು.'

ಪಿಕುನ್ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದಳು. ಕಾಗದ ಸಿಕ್ಕಿತ್ತು. ಅವಳು ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಸನ್ ಪೊಂಗ್‌ನ ಬುವಾತಿಪ್ ಯಾರೆಂದು ಹುಡುಕಬೇಕಾಗಿರಲಿಲ್ಲ. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಎರಡನೆಯ ಸಾಲಿನಲ್ಲಿದ್ದಾಳೆ, ತೀರಿಕೊಂಡದ್ದು 1962ರಲ್ಲಿ. ಬಾಯಲ್ಲಿ ಸದಾ ಹುಳಿ ಬಂದ ಚಹಾ ಎಲೆಯ ಉಂಡೆ ಇಟ್ಟುಕೊಂಡಿರುತ್ತಿದ್ದ ಮುದುಕಿಯನ್ನು ಪಿಕುನ್ ಚಿಕ್ಕವಳಿದ್ದಾಗ ಕಂಡಿದ್ದಳು. ಚನ್‌ಫೆಂಗ್‌ಳ ಅಜ್ಜಿ.

ಖಮ್‌ಪೆಂಗ್ ತೀರಿಕೊಂಡದ್ದು 1911ರಲ್ಲಿ. ಅಂದರೆ ಎಂಟು ವರ್ಷ ಇಬ್ಬರೂ ಒಂದೇ ಚಾವಣಿಯ ಕೆಳಗೆ ಕೂತು ಹಾಡಿದ್ದರು. ಬುವಾತಿಪ್ ಒಬ್ಬಳೇ ಹೋಗಿ ಅವಳಿಗೆ ಹೇಳಿದ್ದಳೋ ಇಲ್ಲವೋ ಪುಸ್ತಕ ಹೇಳುವುದಿಲ್ಲ. ಪುಸ್ತಕ ಹೇಳದ್ದನ್ನು ಪಿಕುನ್ ಊಹಿಸಹೋಗಲಿಲ್ಲ. ಪುಟವನ್ನು ಅದೇ ಲಿಪಿಯಲ್ಲಿ ಅಕ್ಷರ ಬಿಡದೆ ನಕಲು ಮಾಡಿಕೊಂಡಳು. ಕೆಳಗೆ ಪುಸ್ತಕದ ಸಂಖ್ಯೆ, ಪುಟ, ತಾರೀಕು ಹಾಕಿದಳು.

ಸಂಜೆ ಅದನ್ನು ಲಮೈಗೆ ಓದಿ ಹೇಳಿದಳು. ಶನಿವಾರದಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು ನಡೆದಿತ್ತು. ಲಮೈ ಎರಡು ಸಲ ಓದಿಸಿಕೊಂಡು ಕಾಗದ ಮೊಣಕಾಲ ಮೇಲಿಟ್ಟುಕೊಂಡಳು.

"ಏಳು ವರ್ಷದ ಮಗು," ಎಂದಳು. "ನಮ್ಮ ವಾರ್ಡಿಗೆ ಬಾ ಅಜ್ಜಿ, ದಿನಾ ಇದೇ. ಜ್ವರ ಏರಿದಾಗ ಸೂಜಿ ಚುಚ್ಚಿದ್ರೆ ಮಕ್ಕಳು ಯಾರನ್ನ ಕೂಗ್ತವೆ? ಚುಚ್ಚಿದೋರನ್ನಲ್ಲ. ಯಾರು ಬಂದು ಎತ್ಕೋಬೇಕೋ ಅವರನ್ನ. ಹೋದ ವಾರ ಒಂದು ಮಗು ರಾತ್ರಿಯೆಲ್ಲ ತನ್ನ ಶಾಲೆ ಅಡುಗೆಯವಳ ಹೆಸರು ಕೂಗ್ತು."

"ಅಷ್ಟು ತಿಳೀಲಿಲ್ಲ ನೋಡು ಅವತ್ತು ಯಾರಿಗೂ."

"ಎತ್ಕೊಳ್ಳೋಕೆ ಬರಬೇಕಾಗಿದ್ದೋಳ ಮನೇನೇ ಕಿತ್ರು." ಲಮೈ ಕಾಗದ ಮಡಿಚಿ ಅಜ್ಜಿಯ ಕೈಗಿಟ್ಟಳು. "ನನ್ನ ಮಾತು ವಾಪಸ್ ತಗೋತೀನಿ. ಬರಿ. ಆದ್ರೆ ಮೊದಲು ಚನ್‌ಫೆಂಗ್ ಅಜ್ಜಿಗೆ ತೋರಿಸು. ಅಚ್ಚಾದ್ಮೇಲೆ ಅವರು ಪುಸ್ತಕ ಬಿಡಿಸಿ ನೋಡೋ ಹಾಗಾಗಬಾರದು."

"ನಾಳೇನೇ ಹೋಗ್ತಿದ್ದೀನಿ. ಅವಳ ಕಡೆ ಮಾತು ಕೇಳದೆ ಬರೆಯೋಕಾಗುತ್ತಾ?"

ಗುರುವಾರ ಚನ್‌ಫೆಂಗ್ ಅಂಗಳದಲ್ಲಿ ಚಾಪೆ ಹಾಸಿ ಬಾಳೆಲೆ ಒರೆಸುತ್ತಿದ್ದಳು. ವಾರ್ಷಿಕೋತ್ಸವಕ್ಕೆ ಆರುನೂರು ಎಲೆಕಡುಬು ಆಗಬೇಕಿತ್ತು. ಹಿಟ್ಟು ಎಷ್ಟು ಹಿಡಿಯುತ್ತದೆಂದು ನೋಡಲು ಅಂದು ಒಂದು ಒಬ್ಬೆ ಮಾಡಿ ನೋಡುತ್ತಿದ್ದಳು.

"ಬಾ, ಕೂತ್ಕೋ. ಕೈ ಖಾಲಿ ಇಟ್ಕೊಂಡು ಕೂರ್ಬೇಡ, ಎಲೆ ಒರೆಸು. ಸಿಕ್ತಾ ನಿನ್ನ ಕಾಗದ?"

"ಸಿಕ್ತು ಅಕ್ಕ. ನಿಮ್ಮಜ್ಜಿ ಕೊಟ್ರು."

ಚನ್‌ಫೆಂಗ್‌ಳ ಕೈ ನಿಂತಿತು. ಯಾವ ಅಜ್ಜಿ, ಏನು ಕೊಟ್ಟರು ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದುದನ್ನು ಪಿಕುನ್ ಗಮನಿಸಿದಳು.

"ನಿನಗೆ ಗೊತ್ತಿತ್ತು," ಎಂದಳು.

"ಸಾಯೋ ವರ್ಷ ನನ್ನ ಕೈ ಹಿಡ್ಕೊಂಡು ಹೇಳಿದ್ಲು. ನನಗಾಗ ಹದಿನಾರು. ಮಾರನೇ ದಿನ ಹಾಡಿನ ಅಭ್ಯಾಸಕ್ಕೆ ಬಂದ್ರೆ ಪಕ್ಕದಲ್ಲಿ ನೀನು ನಿಂತಿದ್ದೆ, ಎರಡು ಜಡೆ ಹಾಕ್ಕೊಂಡು. ಐವತ್ತೈದು ವರ್ಷ ನಿನ್ನ ಪಕ್ಕ ನಿಂತ್ಕೊಂಡು ಹಾಡಿದ್ದೀನಿ ಪಿಕುನ್. ಶ್ರುತಿ ತಪ್ಪದೆ ಇನ್ನೇನಾಗುತ್ತೆ?"

"ಮತ್ತೆ ಲಂಫೂನ್‌ನವರ ಕಥೆ?"

"ಅದೂ ನಿಜಾನೇ. ಆದ್ರೆ ಅವರನ್ನ ಮುಂದೆ ನಿಲ್ಲಿಸಿ ನಾನು ಹಿಂದೆ ಅವಿತ್ಕೊಂಡೆ. ನಿನ್ನ ಮುತ್ತಜ್ಜಿ ಏನು ಮಾಡಿದ್ಲು? ಅನ್ನ ಹಾಕಿದ್ಲು. ಮನೆ ಕಿತ್ತೋರು ನಾವು." ಚನ್‌ಫೆಂಗ್ ಎಲೆಯೊಂದನ್ನು ಎತ್ತಿ, ಈಗಾಗಲೇ ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದಳು. "ನೋಡು, ನಾನು ಸೋತೆ. ಫೀ ಕಾ ಅಂತ ಬರಿ, ಅಟ್ಟಿದ್ರು ಅಂತ ಬರಿ. ಶನಿವಾರ ನಾನೇ ಕೈ ಎತ್ತುತ್ತೀನಿ. ಮದುವೇನೂ ನಿಲ್ಲಲ್ಲ, ಮಾತು ಕೊಡ್ತೀನಿ. ಆದ್ರೆ ಅಜ್ಜಿ ಹೆಸರು ಬೇಡ. 'ಒಂದು ಮಗು' ಅನ್ನು, ಸಾಕು."

ಮೂರು ದಿನದ ಕೆಳಗೆ ಪಿಕುನ್ ಬಯಸಿದ್ದು ಅಷ್ಟನ್ನೇ. ಹೂಂ ಎಂದರೆ ಎಲ್ಲ ಮುಗಿಯುತ್ತಿತ್ತು: ಸಾಲು ಉಳಿಯುತ್ತಿತ್ತು, ಮದುವೆ ಉಳಿಯುತ್ತಿತ್ತು, ಗೆಳತಿ ಉಳಿಯುತ್ತಿದ್ದಳು. ಅವಳು ಒರೆಸಿದ ಎಲೆಯನ್ನು ಅಂಚು ಸರಿಮಾಡಿ ಒಟ್ಟಿನ ಮೇಲಿಟ್ಟಳು.

"ಆಗಲ್ಲ ಅಕ್ಕ."

"ಯಾಕಾಗಲ್ಲ? ಸತ್ತೋಳ ಮೇಲೆ ನಿನಗೇನು ಹಟ?"

"ಒಂದು ಮಗು ಹೆಸರು ಹೇಳ್ತು ಅಂತ ಬರೆದ್ರೆ, ಹೇಳಿದ್ದು ಮಗು ಅಲ್ಲ, ಒಳಗಿದ್ದದ್ದು ಅನ್ನೋರು ಇವತ್ತಿಗೂ ಇದ್ದಾರೆ. ನಿನ್ನ ಲಂಫೂನ್‌ನವರೇ ಅಂತಾರೆ. ನನ್ನ ಮುತ್ತಜ್ಜಿ ಫೀ ಕಾ ಆಗಿಯೇ ಉಳೀತಾಳೆ. ಮಾತಾಡಿದವಳು ನಾನು ಅಂತ ಹೇಳೋಕೆ ಹೆಸರಿರೋ ಒಬ್ಬಳು ಬೇಕು. ಅವಳು ಹೇಳಿದ್ದಾಳೆ."

"ನನ್ನ ಒಬ್ಬಳ ಹತ್ರ ಹೇಳಿದ್ಲು. ಗುಟ್ಟಾಗಿ."

"ಗುಟ್ಟಾಗಿ ಅಲ್ಲ. ಕೇಳಿಲ್ಲಿ."

ಪಿಕುನ್ ನಕಲು ತೆಗೆದು ಓದಿದಳು. ಪಾಠ ಒಪ್ಪಿಸುವಂತೆ, ದನಿ ಏರಿಸದೆ ಇಳಿಸದೆ ಓದಿದಳು. ಎದ್ದು ನಿಂತು ಹೇಳಿದ್ದು ಎಂಬಲ್ಲಿ ಚನ್‌ಫೆಂಗ್ ತಲೆ ಎತ್ತಿದಳು. ಸಭೆಯ ಮುಂದೆ ಓದಬೇಕು ಎಂದು ಬೇಡುತ್ತೇನೆ ಎಂಬಲ್ಲಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಬೇರೆ ಮಸಿಯ ಸಾಲನ್ನು ಕೇಳಿದ ಮೇಲೆ ಚಾಪೆಯ ಮೇಲೆ ಮುಂದಕ್ಕೆ ಸರಿದು ಕೂತಳು.

"ಎಷ್ಟು ಜನ ಇದ್ರು?"

"ಏಳು. ಎಲ್ಲ ಗಂಡಸರು."

"ಅಷ್ಟು ಜನರ ಮುಂದೆ ಎದ್ದು ನಿಂತ್ಲಾ?" ಚನ್‌ಫೆಂಗ್ ಎಲೆಗಳನ್ನು ಪಕ್ಕಕ್ಕೆ ತಳ್ಳಿದಳು. "ನಾನು ಹೇಳಿದೆ, ಅವರು ಕೇಳಲಿಲ್ಲ, ನಾನು ಹೇಳಿದೆ, ಅವರು ಕೇಳಲಿಲ್ಲ ಅಂತ ಕೊನೇ ತಿಂಗಳೆಲ್ಲ ಅದನ್ನೇ ಅಂತಿದ್ಲು. ಅವರು ಅಂದ್ರೆ ಊರೋರು, ಮಂತ್ರವಾದಿ, ಅವಳಪ್ಪ ಅಂದ್ಕೊಂಡಿದ್ದೆ. ಏಳು ವರ್ಷದ ಕೂಸಿನ ಮಾತು ಯಾರು ಕೇಳ್ತಾರೆ ಅಂದ್ಕೊಂಡಿದ್ದೆ. ಇವರಾ? ಚರ್ಚಿನೋರಾ? ಅವಳನ್ನ ಕೂರಿಸಿಬಿಟ್ರಾ?"

"ಬರ್ಕೊಂಡ್ರು. ಓದಲಿಲ್ಲ."

"ಅದೇ ಹಿರಿಯರ ಮಂಡಳೀಲಿ ನಾನು ಹನ್ನೆರಡು ವರ್ಷದಿಂದ ಕೂತಿದ್ದೀನಿ!" ಅವಳು ಸೆರಗಿನಂತೆ ಹೆಗಲ ಮೇಲಿದ್ದ ಚೌಕದಿಂದ ಮುಖ ಒರೆಸಿಕೊಂಡಳು. ಆಮೇಲೆ ನಕಲಿನ ಕಾಗದ ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದಳು. ಗುಂಡು ಅಕ್ಷರಗಳು ಅವಳಿಗೆ ಕಾಳು ಚೆಲ್ಲಿದ ಹಾಗೆ ಕಂಡವು.

"ಇದನ್ನ ನಾನು ಓದ್ತೀನಿ. ಸಭೆ ಮುಂದೆ."

"ನಮ್ಮ ಈಗಿನ ಅಕ್ಷರದಲ್ಲಿ ಬರೆದುಕೊಡ್ತೀನಿ."

"ಬೇಡ. ಅವಳು ಹೇಳಿದ್ದು ಯಾವ ಅಕ್ಷರದಲ್ಲಿದೆಯೋ ಅದರಲ್ಲೇ ಓದ್ತೀನಿ. ಮೂವತ್ತೆಂಟು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದೋಳಿಗೆ ಒಂದು ಪುಟ ಕಲಿಯೋಕಾಗಲ್ವಾ? ಕಲಿಸು. ಇವತ್ತೇ ಶುರು ಮಾಡು."

"ಎಲೆ?"

"ಎಲೆ ಹಾಳಾಗ್ಲಿ."

ಶನಿವಾರದ ಸಭೆ ನಲವತ್ತು ನಿಮಿಷ ನಡೆಯಿತು. ಉಳಿದಿಬ್ಬರು ಹಿರಿಯರು ಒಪ್ಪಲಿಲ್ಲ. ಸತ್ತವರ ಮೂಳೆ ಯಾಕೆ ಅಗೆಯಬೇಕು ಎಂದರು. ಬೇರೆ ಊರಿನ ಸಭೆಗಳಿಂದ ಅತಿಥಿಗಳು ಬರುತ್ತಾರೆ, ತಾ ಮಖಾಮ್ ಅಂದರೆ ಫೀ ಕಾಗಳ ಚರ್ಚು ಎಂದು ನಗುತ್ತಾರೆ ಎಂದರು.

"ಫೀ ಕಾಗಳ ಚರ್ಚೇ," ಎಂದಳು ಪಿಕುನ್. "ಮೊದಲನೇ ಸಾಲಿನಲ್ಲಿ ಯಾರು ಕೂತಿದ್ರು ಅಂದ್ಕೊಂಡಿದ್ದೀರಿ? ಅರಮನೆಯೋರಾ?"

ವಿತೂನ್ ಎರಡೂ ಕಡೆ ನೋಡಿದ. "ಸಭೆಯ ಶಾಂತಿ ಅಂತಾನೂ ಒಂದಿದೆಯಲ್ಲ, ದೊಡ್ಡಮ್ಮ..."

"ಆ ಶಾಂತಿಗೆ ನೂರಹದಿನಾಲ್ಕು ವರ್ಷ ಆಯ್ತು ಆಚಾನ್," ಎಂದಳು ಚನ್‌ಫೆಂಗ್. "ಸಾಕು. ನನ್ನಜ್ಜಿ ಇನ್ನೂ ನಿಂತೇ ಇದ್ದಾಳೆ."

ವಿತೂನ್ ಮೂಲ ಪುಸ್ತಕ ತರಿಸಿದ. ಪುಟ ಬಿಡಿಸಿ, ಓದಲಾರದೆ, ಎರಡು ಬೇರೆ ಮಸಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಮೇಲಿನದು ಕಂದು ತಿರುಗಿತ್ತು, ಕೆಳಗಿನದು ಕಪ್ಪಾಗಿಯೇ ಇತ್ತು. ಪಿಕುನ್‌ಳಿಂದ ಓದಿಸಿಕೊಂಡ. ಆಮೇಲೆ ಪಿಕುನ್, ಚನ್‌ಫೆಂಗ್‌ರ ಕೈಗಳ ಜೊತೆ ಮೂರನೆಯದಾಗಿ ಅವನ ಕೈಯೂ ಎದ್ದಿತು. ಸೋಮವಾರ ಪುಟ ಅಚ್ಚಿಗೆ ಹೋಯಿತು. ಹದಿನಾಲ್ಕನೆಯ ಪುಟದಲ್ಲಿ ಖಮ್‌ಪೆಂಗ್ ಅಟ್ಟಿಸಿಕೊಂಡು ಬಂದಳು. ಬುವಾತಿಪ್‌ಳ ಹೇಳಿಕೆ ಪೂರ್ತಿ ಇತ್ತು. ಹಿರಿಯರ ತೀರ್ಮಾನವೂ ಇತ್ತು.

ಮೂರು ವಾರ ಪ್ರತಿದಿನ ಸಂಜೆ ಚನ್‌ಫೆಂಗ್ ಸ್ಲೇಟು ಹಿಡಿದು ಪಿಕುನ್‌ಳ ಮನೆಗೆ ಬಂದಳು. ಕೆಟ್ಟ ವಿದ್ಯಾರ್ಥಿನಿ. ಒಂದೇ ಥರ ಕಾಣುವ ಎರಡು ಅಕ್ಷರಗಳ ವಿಷಯಕ್ಕೆ ಜಗಳ ಮಾಡಿದಳು, ನಿನಗೆ ಕಲಿಸೋಕೆ ಬರಲ್ಲ ಎಂದು ಎರಡು ಸಲ ಎದ್ದುಹೋದಳು, ಎರಡು ಸಲವೂ ಮಾರನೆಯ ದಿನ ಬಂದಳು. ಲಮೈ ಚಹಾ ತಂದಿಟ್ಟು ಇಬ್ಬರನ್ನೂ ನೋಡಿ ನಗುತ್ತಿದ್ದಳು. ರಂಗ್‌ಸನ್‌ಗೆ ಅವಳೇ ಎಲ್ಲ ಹೇಳಿದ್ದಳು. 'ನಿಮ್ಮ ಮನೆಯೋರು ನಮ್ಮ ಮನೆ ಕಿತ್ತಿದ್ದಾರೆ, ಕಟ್ಟಿಕೊಡ್ತೀಯಾ?' ಎಂದು ಕೇಳಿದ್ದಳಂತೆ. ಅವನು ಕಟ್ಟಡ ಎಂಜಿನಿಯರು; ಕಂಬ ಎಷ್ಟು ಬೇಕು ಎಂದಿದ್ದನಂತೆ.

ಲಂಫೂನ್‌ನವರಿಗೆ ಚನ್‌ಫೆಂಗ್ ಫೋನಿನಲ್ಲಿ ಏನೂ ಹೇಳಲಿಲ್ಲ. ವಾರ್ಷಿಕೋತ್ಸವಕ್ಕೆ ಬನ್ನಿ ಎಂದಷ್ಟೇ ಕರೆದಳು. "ಎಲ್ಲರೂ ಒಂದೇ ಸಲ ಕೇಳ್ಲಿ," ಎಂದಳು. "ಮದುವೆ ನಿಲ್ಲಿಸೋರು ಆಮೇಲೆ ನನ್ನ ಮುಂದೆ ಬಂದು ನಿಂತು ಹೇಳ್ಲಿ."

ಡಿಸೆಂಬರಿನ ಎರಡನೆಯ ಭಾನುವಾರ ಚಳಿಯಿತ್ತು. ಚರ್ಚು ತುಂಬಿತ್ತು, ಹೊರಗೆ ಶಾಮಿಯಾನದ ಕೆಳಗೂ ಜನ. ಮೂರನೆಯ ಸಾಲಿನಲ್ಲಿ ಚನ್‌ಫೆಂಗ್‌ಳ ಸೊಸೆ, ಪಕ್ಕದಲ್ಲಿ ಲಂಫೂನ್‌ನಿಂದ ಬಂದ ಸೊಸೆಯ ತಾಯಿ, ಆಚೆಗೆ ರಂಗ್‌ಸನ್, ಲಮೈ. ಪಿಕುನ್ ಗಾಯನ ತಂಡದಲ್ಲಿ ತನ್ನ ಜಾಗದಲ್ಲಿ ನಿಂತಿದ್ದಳು. ಎಡಗಡೆಯ ಜಾಗ ಖಾಲಿಯಿತ್ತು, ಅಲ್ಲಿ ನಿಲ್ಲುವವಳು ವೇದಿಕೆ ಹತ್ತಿದ್ದಳು.

ಚನ್‌ಫೆಂಗ್ ಹಳೆಯ ಪುಸ್ತಕವನ್ನೇ ಮುಂದಿಟ್ಟುಕೊಂಡು, ಬೆರಳು ಇಟ್ಟು, ಒಂದೊಂದೇ ಅಕ್ಷರ ಹಿಡಿದು ಓದಿದಳು. ನಿಧಾನವಾಗಿತ್ತು. ಬುವಾತಿಪ್, ವಯಸ್ಸು ಇಪ್ಪತ್ತನಾಲ್ಕು. ಹುಲಿಯ ಕೋರೆಹಲ್ಲು. ನಾನು ಖಮ್‌ಪೆಂಗ್ ಎಂದೆನು. ಹಿಂದಿನ ಬೆಂಚುಗಳಲ್ಲಿ ಮುದುಕರು ಅಲುಗಾಡದೆ ಕೂತಿದ್ದರು. 'ಆ ಮಾತಿನಿಂದ ಅವಳಿಗೆ ಫೀ ಕಾ...' ಎಂಬಲ್ಲಿಗೆ ಬಂದಾಗ ಮೂರನೆಯ ಸಾಲಿನಲ್ಲಿ ಲಂಫೂನ್‌ನ ಹೆಂಗಸು ಕೈಚೀಲ ಎತ್ತಿಕೊಂಡು ಎದ್ದಳು. ಮಗಳ ತೋಳು ಮುಟ್ಟಿದಳು. ಮಗಳು ನೆಲ ನೋಡಿದಳು, ಏಳಲಿಲ್ಲ. ಆ ಹೆಂಗಸು ಮೊಮ್ಮಗನನ್ನು ನೋಡಿದಳು. ರಂಗ್‌ಸನ್ ದಾರಿ ಬಿಡಲು ಕಾಲು ಹಿಂದಕ್ಕೆ ತೆಗೆದುಕೊಂಡ, ಕೂತೇ ಇದ್ದ.

ಚನ್‌ಫೆಂಗ್ ಓದು ನಿಲ್ಲಿಸಿದಳು. ಬೆರಳನ್ನು ಪುಟದಿಂದ ತೆಗೆಯಲಿಲ್ಲ. ಎತ್ತರದ ಹಿಮ್ಮಡಿಯ ಸದ್ದು ಹಲಗೆ ನೆಲದ ಮೇಲೆ ಬಾಗಿಲವರೆಗೂ ಹೋಯಿತು. ಯಾರೋ ಬಾಗಿಲು ತೆರೆದರು, ಮುಚ್ಚಿದರು. ಜನ ವೇದಿಕೆಯ ಕಡೆ ನೋಡಿದರು, ಇನ್ನು ಇವಳು ಇಳಿಯುತ್ತಾಳೋ ಏನೋ ಎನ್ನುವ ಹಾಗೆ.

"ನಡುವೆ ತಡೆಯಾಯ್ತು," ಎಂದಳು ಚನ್‌ಫೆಂಗ್, ತರಗತಿಯಲ್ಲಿ ಹೇಳುವ ಹಾಗೆ. "ಮೊದಲಿಂದ ಓದ್ತೀನಿ."

ಬೆರಳನ್ನು ಪುಟದ ಮೇಲ್ತುದಿಗೆ ಒಯ್ದು, ಬುವಾತಿಪ್ ಎಂಬ ಹೆಸರಿನಿಂದ ಮತ್ತೆ ಶುರುಮಾಡಿದಳು. ಈ ಸಲ ಸ್ವಲ್ಪ ಬೇಗ ಓದಿದಳು.